ಖಾಡಿಯ ದಂಡೆಯ ಅಪರಪಾಠ

ಕಳೆದ ತಿಂಗಳು ಕಣ್ಣಿನ ವೈದ್ಯರನ್ನು ಕಾಣಲು ಬೊರಿವಲಿಗೆ ಹೋಗಿದ್ದೆ. ಹಿಂದಿರುಗುವಾಗ ರಿಕ್ಷಾದವನು ವಾಹನಗಳ ದಟ್ಟಣೆಯನ್ನು ತಪ್ಪಿಸಲು ಪಶ್ಚಿಮದ ಒಳರಸ್ತೆಯೊಂದಕ್ಕೆ ತಿರುಗಿಸಿದ. ತುಸು ದೂರ ಹೋಗುವಷ್ಟರಲ್ಲಿ, ಸಮುದ್ರದ ಇಳಿತದ ಹೊತ್ತಿನಲ್ಲಿ ಮಾತ್ರ ಏಳುವ ಕೆಸರಿನ ವಾಸನೆ ಒಣಮೀನಿನ ವಾಸನೆಯೊಂದಿಗೆ ಬೆರೆತು ಗಾಳಿಯಲ್ಲಿ ಬಂತು. ಪಕ್ಕದಲ್ಲಿ ಕುಳಿತಿದ್ದ ನನ್ನ ಪತ್ನಿ ಕಮಲಾಕ್ಷಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯ ನಡುವೆ ಕುಳಿತು ಮೂರು ವರ್ಷಗಳ ಹಿಂದೆ ಒಂದು ಮಳೆಗಾಲವಿಡೀ ನಾನು ವೇದಪಾಠ ಹೇಳಿದ್ದೆ. ನನ್ನ ಆಯುಷ್ಯದಲ್ಲಿ ನಾನು ಹೇಳಿದ ಕೊನೆಯ ಪಾಠ ಅದು.

ನಾನು ಅಪರದ ಪುರೋಹಿತನಾಗಿದ್ದವನು. ಮದುವೆ, ಉಪನಯನ, ಗೃಹಪ್ರವೇಶಗಳನ್ನು ಮಾಡಿಸುವವರು ಬೇರೆ. ಮನುಷ್ಯನ ಉಸಿರು ನಿಂತ ಮೇಲೆ ಆಗಬೇಕಾದ ಕರ್ಮಗಳನ್ನು ಮಾಡಿಸುವವರು ಬೇರೆ. ಉಡುಪಿಯ ಸೀಮೆಯಿಂದ ಈ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಒಲೆಯ ಮುಂದೆಯೂ ಗಲ್ಲಾಪೆಟ್ಟಿಗೆಯ ಹಿಂದೆಯೂ ಬದುಕು ಸವೆಸಿದ ನಮ್ಮವರಲ್ಲಿ ಎಷ್ಟು ಮಂದಿಯನ್ನು ನಾನು ಕಳುಹಿಸಿಕೊಟ್ಟಿರುವೆನೋ ಆ ಭಗವಂತನೇ ಬಲ್ಲ. ನಮ್ಮಂಥವರನ್ನು ಶುಭಕಾರ್ಯಕ್ಕೆ ಕರೆಯುವ ಪದ್ಧತಿಯಿಲ್ಲ. ಬೆಳಗಿನ ಹೊತ್ತು ಎದುರಾದರೆ ಕೆಲವರು ಒಂದು ಕ್ಷಣ ನಿಂತು, ದೇವರ ಹೆಸರು ಹೇಳಿ ಮುಂದೆ ಹೋಗುತ್ತಾರೆ. ನನಗೆ ಇದರಲ್ಲಿ ಅಸಮಾಧಾನವಿರಲಿಲ್ಲ. ತಂದೆಯವರು ಈ ವಿದ್ಯೆಯನ್ನು ಕೊಡುವಾಗಲೇ ಹೇಳಿದ್ದರು: ನಿನ್ನ ಸ್ವರ ಎಷ್ಟೇ ಶುದ್ಧವಾಗಿದ್ದರೂ ಯಾರೂ ಅದನ್ನು ಹೊಗಳುವುದಿಲ್ಲ, ಏಕೆಂದರೆ ಕೇಳಬೇಕಾದವನು ಮಲಗಿರುತ್ತಾನೆ, ಕೇಳಬಲ್ಲವರು ಅಳುತ್ತಿರುತ್ತಾರೆ.

ಈ ಮಂತ್ರಭಾಗಕ್ಕೆ ಒಂದು ಕಟ್ಟು ಉಂಟು. ಅದನ್ನು ಮನೆಯೊಳಗೆ ಹೇಳುವಂತಿಲ್ಲ, ಊರೊಳಗೂ ಹೇಳುವಂತಿಲ್ಲ. ತಂದೆ ಬದುಕಿರುವವನಿಗೆ, ಆ ತಂದೆಯೇ ಗುರುವಾದ ಹೊರತು, ಕಲಿಸುವಂತಿಲ್ಲ. ಊರಿನ ಆಚೆ, ನೀರಿರುವ ಕಡೆ, ಆಕಾಶದ ಕೆಳಗೆ ಕುಳಿತು ಕಲಿಸಬೇಕು. ಗುರು ಒಂದು ಸಲ ಹೇಳಿದ್ದನ್ನು ಶಿಷ್ಯನು ಎರಡು ಸಲ ಹೇಳಬೇಕು. ನಮ್ಮ ಮನೆತನದ ಕ್ರಮವು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದದ್ದು. ಈ ನಗರದಲ್ಲಿ ಅದನ್ನು ಬಲ್ಲವರು ನಾಲ್ವರಿದ್ದೆವು. ಮೂವರನ್ನು ನಾನೇ ದಾಟಿಸಿದೆ. ಆ ವರ್ಷ ನನಗೆ ಎಪ್ಪತ್ತನಾಲ್ಕು ತುಂಬಿತ್ತು, ದೀರ್ಘಸ್ವರಗಳಲ್ಲಿ ಉಸಿರು ಸಾಲದಾಗುತ್ತಿತ್ತು.

ಸಾಂತಾಕ್ರೂಜಿನಲ್ಲಿ ನಮ್ಮ ಕಟ್ಟಡದ ಎದುರಿಗೇ ಪದ್ಮನಾಭ ರಾಯರ ಹೋಟೆಲು. ವಯಸ್ಸು ತೊಂಬತ್ತರ ಹತ್ತಿರವಾದರೂ ರಾಯರು ಪ್ರತಿದಿನ ಬೆಳಿಗ್ಗೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು, ಹೋಗುವ ಪ್ರತಿ ತಟ್ಟೆಯನ್ನೂ ನೋಡುತ್ತಿದ್ದರು. ನಾನು ಎದುರಾದರೆ ದೇವರ ಹೆಸರು ಹೇಳದೆ, ಕೈಬೀಸಿ ಕರೆಯುತ್ತಿದ್ದವರು ಅವರೊಬ್ಬರೇ.

“ಬನ್ನಿ ಭಟ್ರೇ, ನಿಮ್ಮನ್ನು ಕಂಡರೆ ನನಗೆ ಹೆದರಿಕೆ ಇಲ್ಲ. ಹೇಗೂ ನಿಮ್ಮ ಗಿರಾಕಿಯೇ ನಾನು,” ಎಂದು ನಕ್ಕು, ಕಾಫಿ ತರಿಸಿ, ಮತ್ತೆ ಗಂಭೀರರಾಗುತ್ತಿದ್ದರು. “ಆದರೆ ಒಂದು ಮಾತು. ಈ ಹೋಟೆಲಿನಲ್ಲಿ ಯಾರಿಗೂ ನಾನು ಅರ್ಧ ಪ್ಲೇಟ್ ಕೊಟ್ಟವನಲ್ಲ. ನನಗೂ ಅರ್ಧ ಮಂತ್ರ ಬೇಡ. ಪೂರ್ತಿ ಹೇಳ್ಬೇಕು. ನಿಮಗೆ ಆಗದಿದ್ರೆ ಹೇಳುವವನನ್ನು ತಯಾರು ಮಾಡಿ.”

“ತಯಾರು ಮಾಡ್ತೇನೆ ರಾಯರೇ,” ಎಂದು ನಾನು ಮಾತು ಕೊಟ್ಟಿದ್ದೆ.

ತಯಾರು ಮಾಡಲು ಸಿಕ್ಕವನು ಸುಧೀಂದ್ರ. ಎಲ್ಲರಿಗೂ ಅವನು ಸುಧಿ. ರಾಯರ ಹೋಟೆಲಿನಲ್ಲಿಯೇ ಅಡುಗೆಯವನಾಗಿದ್ದ ವಾಸುದೇವನ ಮಗ, ವಯಸ್ಸು ಇಪ್ಪತ್ತಾರು. ಮಹಾಮಾರಿಯ ದಿನಗಳಲ್ಲಿ ವಾಸುದೇವ ಆಸ್ಪತ್ರೆಯಲ್ಲಿ ತೀರಿಕೊಂಡ. ದೇಹವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹತ್ತಿರ ಯಾರನ್ನೂ ಬಿಡದೆ, ನೇರವಾಗಿ ಒಯ್ದರು. ನಾನು ಸ್ಮಶಾನದ ಗೇಟಿನ ಹೊರಗೆ ನಿಂತೆ. ಅಲ್ಲಿಂದಲೂ ಪೊಲೀಸರು ಕಳುಹಿಸಿದರು. ಅದಾಗಿ ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಸುಧಿ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತ.

“ಗುರುಗಳೇ, ಅಪ್ಪನಿಗೆ ಯಾರೂ ಹೇಳ್ಲಿಲ್ಲ. ಮುಂದೆ ಯಾರಿಗೂ ಹಾಗೆ ಆಗ್ಬಾರ್ದು. ನಂಗೆ ಸಿಖಾಯಿಸಿ. ಮತ್ಲಬ್, ಕಲಿಸಿ.”

ಅವನ ಕನ್ನಡ ಹಾಗೆಯೇ. ಹಿಂದಿಯ ಕಲ್ಲುಗಳಿಗೆ ಎಡವುತ್ತ ನಡೆಯುತ್ತದೆ. ಸಂಸ್ಕೃತದ ಉಚ್ಚಾರಣೆ ಮಾತ್ರ ಆಶ್ಚರ್ಯವೆನಿಸುವಷ್ಟು ಸ್ವಚ್ಛ.

ಊರಿನ ಆಚೆಯ ಸ್ಥಳವನ್ನು ಹುಡುಕಿದವನೂ ಅವನೇ. ಮುಂಬಯಿಗೆ ಆಚೆಯೆಂಬುದು ಎಲ್ಲಿ? ಒಂದು ಉಪನಗರ ಮುಗಿಯುವ ಮೊದಲೇ ಇನ್ನೊಂದು ಆರಂಭವಾಗಿರುತ್ತದೆ. ಅವನು ತಾಯಿಯೊಂದಿಗೆ ವಾಸವಾಗಿದ್ದದ್ದು ಬೊರಿವಲಿಯಲ್ಲಿ. ಅಲ್ಲಿ ಸಮುದ್ರವು ನೆಲದೊಳಗೆ ತೋಳು ಚಾಚಿದಂತಿರುವ ಖಾಡಿಯ ದಂಡೆಯಲ್ಲಿ, ದೋಣಿಗೆ ಕಾಯುವವರ ಹಳೆಯ ತಗಡಿನ ಚಪ್ಪರವೊಂದರ ಹಿಂದೆ, ಒಂದು ಸಿಮೆಂಟಿನ ಕಟ್ಟೆಯಿತ್ತು. ಆಚೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಕೆಸರು, ನೀರು. ಜ್ಯೇಷ್ಠ ಮಾಸದಲ್ಲಿ, ಮೊದಲ ಮಳೆ ಬಿದ್ದ ವಾರ, ಭಾನುವಾರದ ಬೆಳಗಿನ ಲೋಕಲ್ ಹಿಡಿದು ನಾನು ಅಲ್ಲಿಗೆ ಹೋಗಿ ಪಾಠ ಆರಂಭಿಸಿದೆ.

“ಮೀನಿನ ವಾಸನೆಯಲ್ಲಿ ವೇದಪಾಠವೋ? ಚೆಂದ ಉಂಟು,” ಎಂದಳು ಕಮಲಾಕ್ಷಿ, ಮರಳಿ ಬಂದ ನನ್ನ ಪಂಚೆಯನ್ನು ಎರಡು ಬೆರಳಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತ.

ಎರಡನೆಯ ವಾರ ನಾವು ಪಾಠ ಹೇಳುತ್ತಿರುವಾಗ ಬುಟ್ಟಿ ಹೊತ್ತ ಮೀನುಗಾರ ಹೆಂಗಸೊಬ್ಬಳು ಆ ದಾರಿಯಲ್ಲಿ ಬಂದಳು. ನಿಂತು ಕೇಳಿದಳು. ಬುಟ್ಟಿಯನ್ನು ನಮ್ಮಿಂದ ದೂರಕ್ಕೆ, ಗಾಳಿಯ ಕೆಳಗಿನ ದಿಕ್ಕಿಗೆ ಇಟ್ಟು ಬಂದು, ತಗ್ಗಿದ ಧ್ವನಿಯಲ್ಲಿ, “ಕೋಣ್ ಗೇಲಾ, ಬಾಬಾ?” ಎಂದಳು. ಯಾರು ಹೋದರು ಎಂದು ಕೇಳಿದಳು. ಭಾಷೆ ತಿಳಿಯದು, ಶಾಸ್ತ್ರ ತಿಳಿಯದು. ಸ್ವರವೊಂದರಿಂದಲೇ ಇದು ಸಾವಿನ ಮಾತೆಂದು ಅವಳಿಗೆ ಅರಿವಾಗಿತ್ತು. ಯಾರೂ ಹೋಗಿಲ್ಲ ತಾಯಿ, ಹುಡುಗನಿಗೆ ಕಲಿಸುತ್ತಿದ್ದೇನೆ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವಳು ಸುಧಿಯ ಮುಖವನ್ನು ಒಂದು ಸಲ ನೋಡಿ, ಕೈಮುಗಿದು, ಬುಟ್ಟಿ ಎತ್ತಿಕೊಂಡು ಹೋದಳು.

ಸುಧಿಯ ಉದ್ಯೋಗ ವಿಕ್ರೋಳಿಯ ಒಂದು ಜಾಹೀರಾತು ಕಚೇರಿಯಲ್ಲಿ. ಪಾಠದ ನಡುವಿನ ವಿರಾಮದಲ್ಲಿ, ಕಮಲಾಕ್ಷಿ ಕಟ್ಟಿಕೊಟ್ಟ ಅವಲಕ್ಕಿ ತಿನ್ನುತ್ತ, ಅವನು ತನ್ನ ಕೆಲಸವನ್ನು ನನಗೆ ವಿವರಿಸಿದ.

“ಜನ ಫೋನನ್ನು ಹೆಬ್ಬೆರಳಿನಿಂದ ಮೇಲೆ ತಳ್ತಾ ಇರ್ತಾರಲ್ಲ ಗುರುಗಳೇ, ಆ ಹೆಬ್ಬೆರಳನ್ನು ಮೂರು ಸೆಕೆಂಡು ನಿಲ್ಲಿಸುದು ನನ್ನ ಕೆಲಸ.”

“ನಿಲ್ಲಿಸಿ ಎಂತ ಮಾಡ್ತಿ?”

“ಎಂತ ಇಲ್ಲ. ಆಮೇಲೆ ಇನ್ನು ಮೂರು ಸೆಕೆಂಡು.”

ಅಲ್ಲಿ ವಿಡಿಯೊ ಮಾಡಿ ಹಾಕುವವರಿಗೆ ಕ್ರಿಯೇಟರ್ ಎನ್ನುತ್ತಾರಂತೆ. ಅಂಥವರನ್ನು ಹುಡುಕಿ, ಸೀರೆಯೋ ಸಾಬೂನೋ ಅವರ ಕೈಗಿಟ್ಟು, ಯಾವ ರಾಗ ಯಾವ ಮಾತು ನಾಳೆ ಎಲ್ಲರ ಫೋನಿನಲ್ಲಿಯೂ ಕೇಳಿಸಲಿದೆಯೆಂದು ಇಂದೇ ಊಹಿಸುವುದು ಇವನ ಕಚೇರಿಯ ವ್ಯವಹಾರ. ಕಚೇರಿಯ ಪ್ರತಿಯೊಬ್ಬನೂ ತನ್ನದೇ ಒಂದು ಪೇಜ್ ಬೆಳೆಸಿ ತೋರಿಸಬೇಕು. ಸುಧಿಯ ಪೇಜಿನಲ್ಲಿ ಉಡುಪಿ ಹೋಟೆಲುಗಳ ಅಡುಗೆಮನೆಯ ಚಿತ್ರಗಳು, ಕಾವಲಿಯ ಮೇಲೆ ಏಳುವ ದೋಸೆಯ ಹಬೆ. ದಿನಕ್ಕೊಂದು ಹಾಕಲೇಬೇಕು.

“ಪ್ರತಿಪದೆಗೆ ನಾನು ಪಾಠ ಹೇಳುದಿಲ್ಲ, ಅಷ್ಟಮಿಗೆ ಹೇಳುದಿಲ್ಲ, ಗುಡುಗಿದ ದಿನ ಹೇಳುದಿಲ್ಲ,” ಎಂದೆ. “ಬ್ರಹ್ಮನಿಗೂ ಅವನ ಹಗಲು ಮುಗಿದ ಮೇಲೆ ನಿದ್ದೆ ಉಂಟು ಮಾರಾಯ. ಸೃಷ್ಟಿಕರ್ತರಾದ ನಿಮಗೆ ಇಲ್ಲವಾ?”

“ಒಂದು ದಿನ ಬಿಟ್ರೆ ರೀಚ್ ಬೀಳ್ತದೆ ಗುರುಗಳೇ. ಯಾರಿಗೂ ನಾವು ಕಾಣುದಿಲ್ಲ,” ಎಂದ ಸುಧಿ. ಅವನು ನಗಲಿಲ್ಲ.

ಕಲಿಯುವುದರಲ್ಲಿ ಅವನು ನಿಧಾನ. ವಾರಕ್ಕೊಂದೇ ಪಾಠ, ನಡುವೆ ಆರು ದಿನ ಕಚೇರಿ. ಆಷಾಢದಲ್ಲಿ ಅವನು ಸಂಕೋಚದಿಂದ ಕೇಳಿದ: ಪಾಠವನ್ನು ಫೋನಿನಲ್ಲಿ ಮುದ್ರಿಸಿಕೊಂಡರೆ ದಾರಿಯಲ್ಲಿ ಕೇಳಿ ಗಟ್ಟಿಮಾಡಿಕೊಳ್ಳಬಹುದೇ? ನಾನು ಒಂದು ವಾರ ಆಲೋಚಿಸಿದೆ. ಮನೆಯೊಳಗೆ ಕೇಳಕೂಡದು, ಅದು ಖಚಿತ. ಲೋಕಲ್ ರೈಲು ಮನೆಯೆ? ಅಲ್ಲ. ಊರೆ? ಅದು ಯಾವ ಊರಿನಲ್ಲಿಯೂ ನೆಲೆ ನಿಲ್ಲುವುದಿಲ್ಲ. ಕಿವಿಯೊಳಗೆ ಸಿಕ್ಕಿಸಿಕೊಂಡರೆ ಬೇರೆಯವರಿಗೆ ಕೇಳಿಸುವುದಿಲ್ಲ. ಆದುದರಿಂದ ಬೊರಿವಲಿಯಿಂದ ವಿಕ್ರೋಳಿಗೆ ಹೋಗುವ ಬರುವ ರೈಲುಗಳಲ್ಲಿ ಮಾತ್ರ ಕೇಳಬಹುದೆಂದು ವಿಧಿಸಿದೆ. ಧರ್ಮಶಾಸ್ತ್ರವನ್ನು ಓದಿದವನೆಂಬ ಸಮಾಧಾನದಿಂದಲೇ ಆ ತೀರ್ಮಾನವನ್ನು ಹೇಳಿದೆ. ಶ್ರಾವಣದ ವೇಳೆಗೆ ಪ್ರಯೋಗದ, ಎಂದರೆ ಆ ಕರ್ಮದ ಇಡೀ ಮಂತ್ರಕ್ರಮದ, ಮುಕ್ಕಾಲು ಭಾಗ ಮುಗಿದಿತ್ತು. ಮೊದಲ ಪಾಠಗಳನ್ನೂ ಮತ್ತೊಮ್ಮೆ ಹೇಳಿದ್ದರಿಂದ, ಎಲ್ಲವೂ ನನ್ನ ಧ್ವನಿಯಲ್ಲಿ ಅವನ ಫೋನಿನಲ್ಲಿ ಇತ್ತು.

ಆ ತಿಂಗಳು ಅವನ ಕಚೇರಿಯಲ್ಲಿ ಇಬ್ಬರನ್ನು ತೆಗೆದರು. ಮೂರನೆಯವನು ತಾನೇ ಎಂಬುದು ಅವನಿಗೆ ತಿಳಿದಿತ್ತು. ದೋಸೆಯ ಹಬೆಯನ್ನು ಯಾರೂ ನೋಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೊಡೆ ಹಿಡಿದು ಕುಳಿತು, ನೀರನ್ನೇ ನೋಡುತ್ತ ಕೇಳಿದ.

“ಗುರುಗಳೇ, ಒಂದು ಚಿಕ್ಕ ತುಂಡು ಹಾಕ್ಲಾ? ಹದಿನೈದು ಸೆಕೆಂಡು. ಮಳೆ, ನೀರು, ನಿಮ್ಮ ಧ್ವನಿ. ನಿಮ್ಮ ಮುಖ ತೋರ್ಸುದಿಲ್ಲ. ಇದು ಎಂತ ಅಂತಲೂ ಬರಿಯುದಿಲ್ಲ.”

ಬೇಡ ಎನ್ನಬೇಕಿತ್ತು. ಅದರ ಬದಲಿಗೆ ನಾನು ಮತ್ತೊಮ್ಮೆ ತರ್ಕಕ್ಕೆ ಕುಳಿತೆ. ಉಚ್ಚರಿಸುವ ಬಾಯಿಗೆ ನಿಷೇಧವುಂಟು, ಯಂತ್ರಕ್ಕೆ ಬಾಯಿಯಿಲ್ಲ. ಅದರಿಂದ ಹೊರಡುವುದು ಪ್ರತಿಧ್ವನಿ. ಬೆಟ್ಟಕ್ಕೆ ಹೇಗೆ ದೋಷವಿಲ್ಲವೋ ಹಾಗೆ ಪ್ರತಿಧ್ವನಿಗೂ ಇಲ್ಲ. ಹೀಗೆ ಹೇಳಿ ಒಪ್ಪಿಗೆ ಕೊಟ್ಟೆ. ಆದರೆ ಆ ತರ್ಕದ ಹಿಂದೆ ಇದ್ದದ್ದು ತರ್ಕವಲ್ಲ. ಐವತ್ತು ವರ್ಷ ನಾನು ಹೇಳಿದ್ದನ್ನು ಹೆಣಗಳು ಕೇಳಿದ್ದವು. ಒಂದು ಸಲವಾದರೂ ಬದುಕಿರುವವರು ಅಳದೆ, ಹೆದರದೆ ಕೇಳಲಿ ಎಂಬ ಆಸೆ ನನ್ನೊಳಗೆ ಎಲ್ಲಿತ್ತೋ, ಆ ಮಳೆಯಲ್ಲಿ ತಲೆಯೆತ್ತಿತು. ಯಾವ ಭಾಗವನ್ನು ಹಾಕಬೇಕೆಂದು ಆರಿಸಿಕೊಟ್ಟವನೂ ನಾನೇ. ನನ್ನ ಧ್ವನಿ ಚೆನ್ನಾಗಿ ಏರುವ ಜಾಗ ಅದು.

ಅದು ಪ್ರಯೋಗದ ಹೃದಯದಂಥ ಭಾಗ. ಚಿತೆಯ ಮೇಲಿರುವವನನ್ನು ಉದ್ದೇಶಿಸಿ ಮೊದಲು, ಹೊರಡು, ಈ ದೇಹದ ಮೇಲೆ ಇನ್ನು ಮಮತೆ ಬೇಡ ಎಂದು ಹೇಳುತ್ತದೆ. ಅನಂತರ ದಾರಿಯನ್ನು ಹೇಳುತ್ತದೆ: ಎಲ್ಲಿ ತಿರುಗಬೇಕು, ಕಾವಲಿನವರನ್ನು ಹೇಗೆ ದಾಟಬೇಕು, ಹಿಂದೆ ಹೋದ ಹಿರಿಯರನ್ನು ಎಲ್ಲಿ ಸೇರಬೇಕು ಎಂದು. ಹದಿನೈದು ಸೆಕೆಂಡಿಗೆ ‘ಹೊರಡು’ ಎಂಬಷ್ಟು ಹಿಡಿಸಿತು. ಒಂದು ಪದದ ನಡುವೆ ಕತ್ತರಿ ಬಿತ್ತು. ಅಲ್ಲಿಂದ ಅದು ತಾನಾಗಿಯೇ ಮೊದಲಿಗೆ ಮರಳುತ್ತಿತ್ತು. ಕೊನೆಯ ಅಕ್ಷರದ ಬಾಲಕ್ಕೆ ಮೊದಲ ಅಕ್ಷರದ ತಲೆ ಎಷ್ಟು ನುಣುಪಾಗಿ ಕೂಡಿಕೊಂಡಿತ್ತೆಂದರೆ, ಬೆಸುಗೆಯೇ ಕಾಣುತ್ತಿರಲಿಲ್ಲ.

ನಾಲ್ಕೇ ದಿನಗಳಲ್ಲಿ ಸುಧಿ ಓಡುತ್ತ ನಮ್ಮ ಮನೆಗೆ ಬಂದ. ಲಕ್ಷಗಟ್ಟಲೆ ಜನ ಕೇಳಿದ್ದಾರೆ ಎಂದ. ಅವರು ಬರೆದದ್ದನ್ನು ಹೊಸ್ತಿಲಾಚೆ ನಿಂತು ಓದಿ ಹೇಳಿದ. ಮೈ ನವಿರೇಳುತ್ತದೆ ಎಂದೊಬ್ಬರು. ಮನಸ್ಸಿಗೆ ಶಾಂತಿ ಸಿಕ್ಕಿತು ಎಂದೊಬ್ಬರು. ಇದು ಯಾರ ಧ್ವನಿ, ಈ ಮಹಾತ್ಮರು ಯಾರು ಎಂದು ಹಲವರು. ಇನ್ನೊಂದು ಸಲ ಓದು ಎಂದೆ. ಓದಿದ. ಒಳಗಿನಿಂದ ಕಮಲಾಕ್ಷಿ ಕೇಳಿದಳು.

“ಸತ್ತವರು ಯಾರಾದ್ರೂ ಹೀಗೆ ಬರ್ದಿದ್ದಾರಾ ನೋಡು ಸುಧಿ. ಅವರಿಗಲ್ವಾ ಗೊತ್ತಾಗುದು?”

ಅವಳ ಮಾತಿಗೆ ನಾನು ಅಂದು ಕೋಪಿಸಿಕೊಂಡೆ.

ಮುಂದೆ ನಡೆದದ್ದು ನನಗೆ ಸುಧಿಯ ಬಾಯಿಂದ ತಿಳಿದದ್ದು. ಯಾರೋ ಆ ತುಂಡನ್ನು ತೆಗೆದುಕೊಂಡು ಅದರ ಅಡಿಗೆ ಢೋಲಿನ ಪೆಟ್ಟು ಸೇರಿಸಿದರು. ಆಮೇಲೆ ಅದು ಯಾರದೂ ಅಲ್ಲದ್ದಾಯಿತು. ಒಡವೆಯ ಅಂಗಡಿಯವರು ಹಾಕಿಕೊಂಡರು. ಯೋಗ ಹೇಳಿಕೊಡುವವರು, ನಾಯಿಮರಿಗೆ ಹೆಸರಿಟ್ಟವರು, ಹೊಸ ಕಾರಿಗೆ ನಿಂಬೆಹಣ್ಣು ಕಟ್ಟಿದವರು ಹಾಕಿಕೊಂಡರು. ಎಲ್ಲರಿಗಿಂತ ಹೆಚ್ಚಾಗಿ ಮದುವೆಯ ವಿಡಿಯೊ ಮಾಡುವವರು. ವಧು ಮಂಟಪಕ್ಕೆ ನಡೆದು ಬರುವಾಗ ಆ ಧ್ವನಿ ಇರಲೇಬೇಕೆಂದು ಆ ತಿಂಗಳ ಪದ್ಧತಿಯಾಯಿತು. ಟ್ರೆಂಡ್ ಎಂದರೆ ಇದೇ ಎಂದ ಸುಧಿ. ಅವನ ಕಚೇರಿಯ ಮ್ಯಾಡಮ್ ಎಲ್ಲರ ಮುಂದೆ ನಿಂತು ಅವನಿಗಾಗಿ ಚಪ್ಪಾಳೆ ತಟ್ಟಿಸಿದಳಂತೆ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ನನಗೆ ಅದು ನಾಟಿದ್ದು ನಮ್ಮ ಕಟ್ಟಡದ ಲಿಫ್ಟಿನಲ್ಲಿ. ಗಣೇಶ ಚೌತಿಯ ಮುನ್ನಾದಿನ. ಎರಡನೆಯ ಮಹಡಿಯ ಗುಜರಾತಿ ಕುಟುಂಬದ ಮಗಳು, ನಾವು ಬಂದ ಮೇಲೆ ಹುಟ್ಟಿ ನಮ್ಮ ಕಣ್ಣೆದುರು ಬೆಳೆದವಳು, ಒಳಗಿದ್ದಳು. ಬೇಸಗೆಯಲ್ಲಿ ನಡೆದ ಅವಳ ಮದುವೆಯ ವಿಡಿಯೊ ಆಗಷ್ಟೇ ಕೈಸೇರಿತ್ತು. “ಅಂಕಲ್, ಮೇರಾ ವಿಡಿಯೊ ದೇಖಾ?” ಎಂದು ಫೋನನ್ನು ನನ್ನ ಕಣ್ಣಿನ ಬಳಿಗೆ ತಂದಳು. ಬಂಗಾರದ ಬಣ್ಣದ ಉಡುಪಿನಲ್ಲಿ, ಹೂವಿನ ಚಪ್ಪರದ ಕೆಳಗೆ, ಮೆಹಂದಿಯ ಕೈಗಳನ್ನು ಜೋಡಿಸಿ, ಅವಳು ವರನ ಕಡೆಗೆ ನಡೆಯುತ್ತಿದ್ದಳು. ಅವಳ ಮೇಲೆ ನನ್ನ ಧ್ವನಿ. ಹೊರಡು, ಈ ದೇಹ ಇನ್ನು ನಿನ್ನದಲ್ಲ. ಹೊರಡು, ಈ ದೇಹ ಇನ್ನು ನಿನ್ನದಲ್ಲ. “ಕಿತನಾ ಡಿವೈನ್ ಹೈ ನಾ?” ಎಂದಳು, ಎಷ್ಟು ದಿವ್ಯವಾಗಿದೆ ಅಲ್ಲವೇ ಎಂದು. ಹೌದು ಮಗಳೇ ಎಂದೆ. ಲಿಫ್ಟು ನಿಂತಿತು.

ಮನೆಗೆ ಬಂದು ಕಮಲಾಕ್ಷಿಗೆ ಹೇಳಿ, ಆ ಹುಡುಗಿಗೆ ನಿಜವನ್ನು ತಿಳಿಸಿ ಶಾಂತಿ ಮಾಡಿಸುವುದು ನನ್ನ ಕರ್ತವ್ಯವೆಂದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

“ಹೇಳ್ಬೇಡಿ. ತಿಳಿಯದೆ ನಡ್ಕೊಂಡು ಬಂದಿದ್ದಾಳೆ. ತಿಳಿದರೆ, ನಾಳೆ ಅವಳ ಗಂಡನಿಗೆ ಒಂದು ಜ್ವರ ಬಂದರೂ ಅದೇ ನೆನಪಾಗ್ತದೆ. ನಿಮ್ಮ ಪಾಪ ನಿಮ್ಮಲ್ಲಿಯೇ ಇರಲಿ.”

ಮರುದಿನವೇ ಸುಧಿಯನ್ನು ಕರೆಸಿ, ತೆಗೆದುಬಿಡು ಎಂದೆ.

“ನನ್ನದನ್ನು ತೆಗೀತೇನೆ. ಆದ್ರೆ ಅದು ಹೋಗುದಿಲ್ಲ ಗುರುಗಳೇ. ಎಲ್ಲರ ಹತ್ರ ಉಂಟು. ಯಾರನ್ನು ಕೇಳುದು?”

ಅವನು ತೆಗೆದ. ಅಷ್ಟು ಸಾಲದೆಂದು, ಇದು ಮರಣದ ಮಂತ್ರ, ದಯವಿಟ್ಟು ಬಳಸಬೇಡಿ ಎಂದು ಕೈಮುಗಿದು ಹೇಳಿ ಒಂದು ವಿಡಿಯೊ ಹಾಕಿದ. ಅದರಿಂದ ಬೆಂಕಿಗೆ ತುಪ್ಪ ಸುರಿದಂತಾಯಿತು. ಮದುವೆಯವರು ಬಿಟ್ಟರು, ಭೂತಪ್ರೇತದ ವಿಡಿಯೊ ಮಾಡುವವರು ಹಿಡಿದುಕೊಂಡರು. ತಲೆಗೂದಲು ಕೆದರಿ, ಕಣ್ಣಿಗೆ ಕಪ್ಪು ಬಳಿದು, ಅದೇ ತುಂಡಿಗೆ ಕುಣಿದರು. ಕೆಲವರು ಸುಧಿಗೆ ಶಾಪ ಬರೆದರು. ನವರಾತ್ರಿಯ ವೇಳೆಗೆ ಇನ್ನಾವುದೋ ಹಾಡು ಬಂದು, ಇದು ನಿಂತುಹೋಯಿತು. ಯಾರೂ ಪಶ್ಚಾತ್ತಾಪಪಟ್ಟು ನಿಲ್ಲಿಸಿದ್ದಲ್ಲ. ಬೇಸರ ಬಂದು ನಿಲ್ಲಿಸಿದರು. ಕಚೇರಿಯಲ್ಲಿ ಮ್ಯಾಡಮ್, ಪಂಡಿತ್‌ಜಿಯ ಬಳಿ ಇಂಥದು ಇನ್ನೇನಿದೆ ಎಂದು ಕೇಳಿದಳಂತೆ. ಸುಧಿ ಇಲ್ಲವೆಂದ. ದೀಪಾವಳಿಗೆ ಮುಂಚೆಯೇ ಅವನು ಮೂರನೆಯವನಾದ.

ನಾನು ಇನ್ನೊಂದು ಕೆಲಸ ಮಾಡಿದೆ. ಇದಕ್ಕೆ ಮೂಲವೇ ಆ ಮುದ್ರಣವೆಂದು, ಪ್ರಾಯಶ್ಚಿತ್ತಕ್ಕಾಗಿ, ಅವನ ಫೋನಿನಲ್ಲಿದ್ದ ನಾಲ್ಕು ತಿಂಗಳ ಪಾಠವನ್ನೆಲ್ಲ ನನ್ನೆದುರಿನಲ್ಲಿಯೇ ಅಳಿಸಿಸಿದೆ. ಖಾಡಿಯ ದಂಡೆಯಲ್ಲಿ ಕುಳಿತು ಒಂದೊಂದಾಗಿ ಅಳಿಸಿದ. ಕೊನೆಯದನ್ನು ಅಳಿಸುವ ಮೊದಲು, “ಪಕ್ಕಾ, ಗುರುಗಳೇ?” ಎಂದು ಕೇಳಿದ. ಪಕ್ಕಾ ಎಂದೆ. ಹೀಗೆ ನಮ್ಮ ತಂದೆ ತಾತಂದಿರ ಪ್ರಯೋಗದಲ್ಲಿ, ನಮ್ಮಿಬ್ಬರ ಬಾಯಿಯ ಹೊರಗೆ ಈ ಲೋಕದಲ್ಲಿ ಉಳಿದದ್ದು ಆ ಹದಿನೈದು ಸೆಕೆಂಡು ಮಾತ್ರ.

ಕಾರ್ತಿಕದಲ್ಲಿ ಮಳೆ ಹೋಗಿ, ಖಾಡಿಯ ನೀರು ತಿಳಿಯಾಗಿ, ಬೆಳಗಿನ ಗಾಳಿ ತಂಪಾಯಿತು. ಸುಧಿಗೆ ಉದ್ಯೋಗವಿರಲಿಲ್ಲ, ಭಾನುವಾರವನ್ನೇ ಕಾಯಬೇಕಾಗಿರಲಿಲ್ಲ. ಉಳಿದ ಭಾಗವನ್ನು ಎರಡು ವಾರಗಳಲ್ಲಿ ಮುಗಿಸಿ, ಮೊದಲಿನಿಂದ ಒಪ್ಪಿಸು ಎಂದೆ. ಸರಾಗವಾಗಿ ಹೇಳುತ್ತ ಬಂದ. ಆ ಭಾಗ ಬಂತು. ಕತ್ತರಿ ಬಿದ್ದ ಪದದವರೆಗೆ ಬಂದು, ಒಂದು ಉಸಿರೂ ತಡವರಿಸದೆ, ಮತ್ತೆ ಮೊದಲಿಗೆ ಹೋದ.

“ಮುಂದೆ,” ಎಂದೆ.

ಮತ್ತೆ ಅಲ್ಲಿಯವರೆಗೆ ಬಂದ. ಮತ್ತೆ ಮೊದಲಿಗೆ ಹೋದ. ಅವನ ತಲೆ ಇಲ್ಲದ ಢೋಲಿನ ಪೆಟ್ಟಿಗೆ ಸಣ್ಣಗೆ ಅಲುಗುತ್ತಿತ್ತು.

ಮುಂದಿನ ಪದವನ್ನು ನಾನು ಎತ್ತಿಕೊಟ್ಟೆ. ಎತ್ತಿಕೊಟ್ಟರೆ ಹೇಳುತ್ತಾನೆ. ಬಿಟ್ಟರೆ ಅದೇ ಸುಳಿ. ಆ ಪದದ ನಡುವಿನಿಂದ ಆರಂಭಿಸಿ ಹೇಳಿಸಿದೆ. ಹಿಂದುಮುಂದಾಗಿ, ಎರಡೆರಡು ಪದ ಕೂಡಿಸಿ ಹೇಳಿಸಿದೆ. ಸೊಂಟದವರೆಗೆ ನೀರಿನಲ್ಲಿ ನಿಲ್ಲಿಸಿ ಹೇಳಿಸಿದೆ. ತಂದೆಯವರು ನನಗೆ ಮಾಡಿದ ಎಲ್ಲವನ್ನೂ ಮಾಡಿದೆ.

“ಬರುದಿಲ್ಲ ಗುರುಗಳೇ,” ಎಂದು ಒಂದು ದಿನ ಅವನು ಅತ್ತ. “ಮುಂದಿನದು ನಂಗೆ ಗೊತ್ತುಂಟು. ಆದ್ರೆ ಅಲ್ಲಿಗೆ ಬಂದ ಕೂಡ್ಲೆ ಬಾಯಿ ತಾನೇ ತಿರುಗ್ತದೆ. ಆ ತಿಂಗಳು ಅದನ್ನು ಎಷ್ಟು ಸಲ ಕೇಳಿದ್ದೇನೆ ಅಂತ ನಿಮಗೆ ಗೊತ್ತಿಲ್ಲ. ಆಫೀಸಲ್ಲಿ, ಸ್ಟೇಶನ್ನಲ್ಲಿ, ಪಕ್ಕದ ಸೀಟಿನವನ ಫೋನಲ್ಲಿ.”

“ಐವತ್ತು ವರ್ಷ ಹೇಳಿದವ ನಾನು. ಒಂದು ತಿಂಗಳ ಗದ್ದಲಕ್ಕೆ ಮರೀತದಾ?” ಎಂದು ಗದರಿಸಿದೆ. ಕೇಳಿದ್ದು ಅವನೊಬ್ಬನೇ ಎಂದು ನಾನು ತಿಳಿದಿದ್ದೆ. ಲಿಫ್ಟಿನಲ್ಲಿ, ಗಣಪತಿಯ ಮಂಟಪದಲ್ಲಿ, ಎದುರು ಮನೆಯ ಕಿಟಕಿಯಲ್ಲಿ, ತರಕಾರಿಯವನ ಗಾಡಿಯಲ್ಲಿ ಅದನ್ನು ಕೇಳಿಸಿಕೊಂಡ ನನ್ನ ಕಿವಿಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಮೂರು ತಿಂಗಳು ದೈವವಶಾತ್ ನಮ್ಮವರಲ್ಲಿ ಯಾವ ಸಾವೂ ಆಗಿರಲಿಲ್ಲ. ಪಾಠ ಹೇಳುವಾಗ ನಾನು ಹೇಳುತ್ತಿದ್ದದ್ದು ತುಂಡು ತುಂಡಾಗಿ. ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನ ಓಟದಲ್ಲಿ ಹೇಳುವ ಸಂದರ್ಭ ಬಂದಿರಲಿಲ್ಲ.

ಮಾರ್ಗಶಿರ ಶುದ್ಧದಲ್ಲಿ ಒಂದು ಬೆಳಿಗ್ಗೆ ಪದ್ಮನಾಭ ರಾಯರು, ಸ್ನಾನ, ಪೂಜೆ ಮುಗಿಸಿ ಹಣೆಗೆ ಅಂಗಾರಾಕ್ಷತೆ ಹಚ್ಚಿಕೊಂಡು, ಹೋಟೆಲಿಗೆ ಹೊರಡಲು ಚಪ್ಪಲಿಗೆ ಕಾಲಿಡುತ್ತಿರುವಾಗ ಕುಸಿದು ತೀರಿಕೊಂಡರು. ಪುಣ್ಯವಂತರ ಸಾವು. ಅವರ ಮಗ ಗಿರೀಶ ತಾನೇ ನಮ್ಮ ಮನೆಗೆ ನಡೆದು ಬಂದ. “ಭಟ್ರೇ, ಅಪ್ಪನಿಗೆ ನೀವು ಮಾತು ಕೊಟ್ಟಿದ್ರಂತೆ,” ಎಂದಷ್ಟೇ ಹೇಳಿದ. ನಾನು ಸುಧಿಗೂ ಬರಲು ಹೇಳಿ ಕಳುಹಿಸಿದೆ. ಬಲ್ಲವರು ಇಬ್ಬರಿದ್ದರೆ ಇಬ್ಬರೂ ಚಿತೆಯ ಮುಂದೆ ನಿಲ್ಲುವುದು ನಮ್ಮ ಕ್ರಮ. ಒಬ್ಬನು ತಪ್ಪಿದರೆ ಇನ್ನೊಬ್ಬನು ಎತ್ತಿಕೊಡಬೇಕು.

ಮಧ್ಯಾಹ್ನದ ಹೊತ್ತಿಗೆ ಸ್ಮಶಾನ ತುಂಬಿತ್ತು. ಹೋಟೆಲಿನ ಮಾಣಿಗಳು, ಅಡುಗೆಯವರು, ಹಳೆಯ ಗಿರಾಕಿಗಳು, ಬೀದಿಯ ಎಲ್ಲ ಅಂಗಡಿಯವರು. ರಾಯರಿಗೆ ಕಟ್ಟಿಗೆಯ ಚಿತೆಯೇ ಬೇಕೆಂದು ಮೊದಲೇ ತೀರ್ಮಾನವಾಗಿತ್ತು. ನಾನು ಆಚಮನ ಮಾಡಿ, ಗುರುಗಳನ್ನು ಸ್ಮರಿಸಿ, ಆರಂಭಿಸಿದೆ. ಆ ದಿನ ಉಸಿರು ಚೆನ್ನಾಗಿತ್ತು. ಸ್ವರ ನಿಲ್ಲಿಸಿದಲ್ಲಿ ನಿಲ್ಲುತ್ತಿತ್ತು. ರಾಯರ ಮುಖ ಪ್ರಸನ್ನವಾ‍ಗಿತ್ತು. ಗಿರೀಶ ಕೊಡವನ್ನು ಹೊತ್ತು ಮೂರು ಸುತ್ತು ಬಂದು, ಕೈಯಲ್ಲಿ ಕೊಳ್ಳಿ ಹಿಡಿದು ನಿಂತ. ಆ ಭಾಗ ಬಂತು.

ಹೊರಡು ಎಂದು ಹೇಳಿದೆ. ಧ್ವನಿ ಏರಿತು. ಆ ಪದದ ನಡುವಿಗೆ ಬಂದೆ. ಮತ್ತು ನನ್ನ ಬಾಯಿ ತಾನಾಗಿ, ಎಣ್ಣೆ ಹಾಕಿದ ಗಾಲಿಯಂತೆ, ಮೊದಲಿಗೆ ತಿರುಗಿತು.

ಅರಿವಾದದ್ದು ಎರಡನೆಯ ಸಲ ಮುಗಿಯುವಾಗ. ಮೂರನೆಯ ಸಲ ಮನಸ್ಸನ್ನು ಕಟ್ಟಿ ಹಿಡಿದು, ಆ ಪದದ ಮುಂದೆ ನಿಧಾನಿಸಿದೆ. ಮುಂದಿನ ಪದ ನನಗೆ ಗೊತ್ತಿತ್ತು. ತಂದೆಯವರು ನದಿಯ ದಂಡೆಯಲ್ಲಿ ನನ್ನ ತೊಡೆಗೆ ತಟ್ಟಿ ಕಲಿಸಿದ ಪದ. ಅದನ್ನು ಹುಡುಕಿದ ಜಾಗದಲ್ಲಿ ಢೋಲಿನ ಪೆಟ್ಟು ಕೇಳಿಸಿತು. ಮತ್ತೆ ಮೊದಲಿಗೆ ಬಂದಿದ್ದೆ. ನಾಲ್ಕನೆಯ ಸಲ ಮುಗಿಯುತ್ತಿದ್ದಂತೆ ಸುಧಿಯ ಕಡೆ ನೋಡಿದೆ. ಅವನ ಕಣ್ಣುಗಳು ಮುಚ್ಚಿದ್ದವು, ತುಟಿಗಳು ಅಲುಗುತ್ತಿದ್ದವು. ಅವೂ ಮೊದಲ ಪದವನ್ನೇ ಹೇಳುತ್ತಿದ್ದವು.

ನಾನು ನಿಲ್ಲಿಸಿದೆ. ಕೊಳ್ಳಿಯ ಹೊಗೆ ಗಿರೀಶನ ಕಣ್ಣಿಗೆ ಬರುತ್ತಿತ್ತು.

“ಮುಗೀತಾ ಭಟ್ರೇ?” ಎಂದ.

ಅಲ್ಲಿ ನೆರೆದಿದ್ದವರಲ್ಲಿ ಅದು ಮುಗಿದಿಲ್ಲವೆಂದು ತಿಳಿದಿದ್ದವರು ಮೂವರು. ಒಬ್ಬ ನಾನು, ಒಬ್ಬ ಸುಧಿ. ಮೂರನೆಯವರು ಹೊರಡು ಎಂದು ನಾಲ್ಕು ಸಲ ಹೇಳಿಸಿಕೊಂಡು, ದಾರಿ ಯಾವುದೆಂದು ತಿಳಿಯದೆ ಮಲಗಿದ್ದರು.

“ಮುಗಿಯಿತು,” ಎಂದೆ.

ಗಿರೀಶ ಬೆಂಕಿ ಇಟ್ಟ. ಒಣಗಿದ ಕಟ್ಟಿಗೆ, ಬೇಗ ಹತ್ತಿಕೊಂಡಿತು. ಹಿಂದಿರುಗಿ ನೋಡುವಾಗ ಸುಧಿ ಜನರ ನಡುವಿನಿಂದ ಗೇಟಿನ ಕಡೆಗೆ ಹೋಗುತ್ತಿದ್ದ. ಅಷ್ಟರಲ್ಲಿ ರಾಯರ ತಮ್ಮ, ಊರಿನಿಂದ ವಿಮಾನದಲ್ಲಿ ಬಂದಿಳಿದಿದ್ದ ವೃದ್ಧರು, ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

“ನಾಲ್ಕು ನಾಲ್ಕು ಸಲ ಹೇಳಿದ್ರಿ ಭಟ್ರೇ. ನಮ್ಮ ಊರಲ್ಲಿಯೂ ಈಗ ಇಷ್ಟು ಶ್ರದ್ಧೆಯಿಂದ ಹೇಳುವವರಿಲ್ಲ.”